ದೂರದ ಮಗನೂ ಹಾಸಿಗೆ ಹಿಡಿದ ತಾಯಿಯೂ



ನಮ್ಮ ಸಂಘದ ಈ ಪತ್ರಿಕೆಯಲ್ಲಿ ಕಾರ್ಯದರ್ಶಿಯಾದವನು ಏನು ಬರೆಯಬೇಕೆಂಬುದು ತಮಗೆಲ್ಲ ಗೊತ್ತು. ಮೈಲುತುತ್ತದ ದಾಸ್ತಾನು, ಗೊಬ್ಬರದ ಸರಬರಾಜು, ಸಾಲದ ಕಂತು, ಅಡಿಕೆಯ ಎಲೆಚುಕ್ಕಿ ರೋಗ, ಕಾಫಿಯ ಕಾಯಿಕೊರಕ, ಇವುಗಳಾಚೆಗೆ ನಾನು ಇದುವರೆಗೆ ಹೋದವನಲ್ಲ. ಈ ಸಲ ಮನೆಯ ಮಾತೊಂದನ್ನು ಬರೆಯುತ್ತಿದ್ದೇನೆ. ಇದಕ್ಕೂ ಸಂಘಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ ಎಂದು ನನಗನ್ನಿಸಿದೆ. ಇಲ್ಲವೆಂದು ತೋರಿದರೆ ಮಹಾಸಭೆಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಳ್ಳಲು ತಮಗೆ ಪೂರ್ಣ ಅಧಿಕಾರವುಂಟು.

ನಾನು ಈ ಮಲೆನಾಡಿನವನಲ್ಲವೆಂಬುದು ಹಳಬರಿಗೆಲ್ಲ ತಿಳಿದಿದೆ. ನನ್ನ ಊರು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಹಿರೋಳ್ಳಿ. ತೊಗರಿ, ಜೋಳದ ಕರಿಮಣ್ಣಿನ ಊರು. ಊರು ದಾಟಿದರೆ ಮಹಾರಾಷ್ಟ್ರ, ವಾಗ್ದರಿ, ಅಕ್ಕಲಕೋಟೆ, ಸೊಲ್ಲಾಪುರ. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ 1993ರಲ್ಲಿ ಇಲ್ಲಿಯ ಎಸ್ಟೇಟೊಂದಕ್ಕೆ ರೈಟರ್ ಆಗಿ ಬಂದವನು, ಹತ್ತು ವರ್ಷಗಳ ಮೇಲೆ ಒಂಬತ್ತು ಎಕರೆ ಸ್ವಂತಕ್ಕೆ ಮಾಡಿಕೊಂಡು ಇಲ್ಲಿಯವನೇ ಆದೆ. ತಂದೆ ಮೊದಲೇ ತೀರಿಕೊಂಡಿದ್ದರು. ತಾಯಿ ಹಿರೋಳ್ಳಿಯಲ್ಲೇ ಉಳಿದಳು. ಅಕ್ಕನನ್ನು ಊರಲ್ಲೇ ಕೊಟ್ಟಿತ್ತು. ತಮ್ಮ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ.

ತಾಯಿಯನ್ನು ಇಲ್ಲಿಗೇ ಕರೆತಂದು ಇಟ್ಟುಕೊಳ್ಳಬಾರದಿತ್ತೇ ಎಂದು ಕೇಳುವವರುಂಟು. ಒಂದು ವರ್ಷ ಜೂನ್ ತಿಂಗಳಲ್ಲಿ ಕರೆತಂದೆ. ಇಪ್ಪತ್ತು ದಿವಸ ಇದ್ದಳು. ಜಡಿಮಳೆ, ಇಂಬಳ, ಒಣಗದ ಬಟ್ಟೆ. "ಬಿಸಲಿಲ್ಲದ ಊರಾಗ ಹ್ಯಾಂಗ ಇರ್ತೀರೋ ಏನೋ, ನನ್ನ ಊರಿಗಿ ಒಯ್ದ ಬಿಡು" ಎಂದಳು. ಒಯ್ದು ಬಿಟ್ಟೆ. ಆಕೆಯ ಗೆಳತಿಯರು, ಗುಡಿ, ಕಟ್ಟೆ, ಆಕೆಗೆ ತಿಳಿಯುವ ಮಾತು ಎಲ್ಲ ಅಲ್ಲಿದ್ದವು. ಎಂಬತ್ತು ವರ್ಷದ ಮರವನ್ನು ಬುಡಸಹಿತ ಕಿತ್ತು ಬೇರೆ ಮಣ್ಣಿಗೆ ನೆಟ್ಟರೆ ಏನಾಗುತ್ತದೆಂದು ತೋಟಗಾರರಾದ ತಮಗೆ ನಾನು ಹೇಳಬೇಕಾದುದಿಲ್ಲ.

ಹೀಗಾಗಿ ಕೊನೆಯ ಹತ್ತು ಹನ್ನೆರಡು ವರ್ಷ ತಾಯಿಯ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಎಲ್ಲವನ್ನೂ ನಾನು ಇಲ್ಲಿಂದಲೇ ನೋಡಿಕೊಂಡೆ. ನೋಡಿಕೊಂಡೆ ಎಂದು ಆಗ ನಂಬಿದ್ದೆ. ತಿಂಗಳಿಗೊಮ್ಮೆ ಹಣ ಕಳುಹಿಸುವುದು, ವಾರಕ್ಕೆರಡು ಸಲ ಫೋನು, ಮಾತ್ರೆ ತೆಗೆದುಕೊಂಡೆಯಾ ಎಂದರೆ "ಹೂಂ ತಗೊಂಡೆ" ಎಂಬ ಉತ್ತರ. ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲೇ ತೋಟ ನಡೆಸುವ ಯಜಮಾನರನ್ನು ನಾವೆಲ್ಲ ನೋಡಿದ್ದೇವೆ. "ಬೋರ್ಡೋ ಹೊಡೆಸಿದಿರಾ?" "ಹೊಡೆಸಿದೆವು ಸಾರ್." ಆಗಸ್ಟಿನಲ್ಲಿ ಬಂದು ನೋಡಿದರೆ ಮರದ ಬುಡದಲ್ಲೆಲ್ಲ ಕೊಳೆತ ಕಾಯಿ. ಅಂಥವರ ತೋಟ ನೋಡಿ ನಾವು ನಕ್ಕಿದ್ದೇವೆ. ನನ್ನ ತಾಯಿಯ ಆರೋಗ್ಯದ ವಿಷಯದಲ್ಲಿ ನಾನು ಅದೇ ಯಜಮಾನನಾಗಿದ್ದೆನೆಂಬುದು 2022ರ ಡಿಸೆಂಬರಿನವರೆಗೆ ನನಗೆ ಹೊಳೆದಿರಲಿಲ್ಲ.

ಆ ದಿನ ನಡೆದುದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದು ಚಹಾ ಕುಡಿದು, ಚೆನ್ನಾಗಿಯೇ ಮಾತನಾಡಿಕೊಂಡು ಅಂಗಳದಲ್ಲಿ ಕುಳಿತಿದ್ದ ತಾಯಿಗೆ ಆರೂವರೆಯ ಹೊತ್ತಿಗೆ ಬಾಯಿ ಒಂದು ಕಡೆ ವಾಲಿತು. ಅಕ್ಕ ಕೂಡಲೇ ನನಗೆ ಫೋನು ಮಾಡಿದಳು. ನಮ್ಮಲ್ಲಿ ಕುಯ್ಲಿನ ಕಾಲ. ನಾನು ಕಣದಲ್ಲಿದ್ದೆ, ಫೋನು ಮನೆಯಲ್ಲಿತ್ತು. ಕಣದಲ್ಲಿ ಹೇಗೂ ಸಿಗ್ನಲ್ ಸಿಕ್ಕುವುದಿಲ್ಲ. ಮನೆಗೆ ಬಂದು ನೋಡಿದಾಗ ಎಂಟೂ ಹತ್ತು, ಏಳು ಕರೆಗಳು ಬಂದಿದ್ದವು. "ತಮ್ಮಾ, ಅವ್ವನ ಬಾಯಿ ಸೊಟ್ಟ ಆಗ್ಯದ, ಬಲಗೈ ಎತ್ತವಲ್ಳು, ಮಾತ್ ನೆಟ್ಟಗ ಬರವಲ್ದು. ಎಲ್ಲಿಗಿ ಒಯ್ಲಿ ಹೇಳು" ಎಂದಳು ಅಕ್ಕ. ಊರಿನ ಜೀಪೊಂದನ್ನು ಅಕ್ಕನ ಗಂಡ ಏಳು ಗಂಟೆಗೇ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು.

"ಎಲ್ಲಿಗೆ ಹತ್ತಿರವೋ ಅಲ್ಲಿಗೆ ಈಗಲೇ ಹೊರಡು" ಎನ್ನಬೇಕಾಗಿತ್ತು. ನಾನು ಹೇಳಿದ್ದು, "ತಡಿ, ಕೇಳಿ ಹೇಳ್ತೀನಿ."

ಹಿರೋಳ್ಳಿಯಿಂದ ಸೊಲ್ಲಾಪುರಕ್ಕೂ ಕಲಬುರಗಿಗೂ ಹೆಚ್ಚು ಕಡಿಮೆ ಒಂದೇ ದೂರ, ಒಂದೂವರೆ ಗಂಟೆಯ ಹಾದಿ. ನಮ್ಮ ಕಡೆಯ ಜನ ಮೊದಲಿನಿಂದ ಸೊಲ್ಲಾಪುರಕ್ಕೆ ಹೋಗಿ ಬಂದವರು. ಅಲ್ಲಿ ಸಹಕಾರಿ ಆಸ್ಪತ್ರೆಗಳೂ ಇವೆ. ಅಶ್ವಿನಿ ಸಹಕಾರಿ ರುಗ್ಣಾಲಯ, ಮಾರ್ಕಂಡೇಯ ಸಹಕಾರಿ ರುಗ್ಣಾಲಯ ಎಂಬ ಹೆಸರು ಕೇಳಿ ಸಹಕಾರ ಕ್ಷೇತ್ರದವನಾದ ನನಗೆ ಹಿಂದಿನಿಂದಲೂ ಹೆಮ್ಮೆಯುಂಟು. ಕಲಬುರಗಿಯಲ್ಲಿ 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದೆ, ಈಚೆಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಆಗಿದೆ. ಎರಡರಲ್ಲಿ ಯಾವ ಊರಿಗೆ ಹೋಗಿದ್ದರೂ ಒಂಬತ್ತರೊಳಗೆ ತಲೆಯ ಸ್ಕ್ಯಾನ್ ಆಗುತ್ತಿತ್ತು. ನಾನು ಹೆಂಡತಿಯ ಕಡೆಯ ವೈದ್ಯರೊಬ್ಬರಿಗೆ ಬೆಂಗಳೂರಿಗೆ ಫೋನು ಹಚ್ಚಿದೆ. ಅವರು ರೋಗಿಗಳನ್ನು ನೋಡುತ್ತಿದ್ದರು, ಎತ್ತಲಿಲ್ಲ. ಪುಣೆಯ ತಮ್ಮನಿಗೆ ಮಾಡಿದೆ. ಅವನು ಸೊಲ್ಲಾಪುರ ಎಂದ. ನಾನು ಕಲಬುರಗಿ ಎಂದೆ, ಅಲ್ಲಿಂದ ಬೆಂಗಳೂರಿಗೆ ರೈಲಿದೆ, ದೊಡ್ಡ ಆಸ್ಪತ್ರೆಗೇ ಸಾಗಿಸೋಣ ಎಂದೆ. ಅಣ್ಣತಮ್ಮಂದಿರು ನಾವಿಬ್ಬರೂ ಆರುನೂರು ಕಿಲೋಮೀಟರಿನ ಎರಡು ತುದಿಗಳಲ್ಲಿ ಕುಳಿತು ವಾದಿಸುತ್ತಿದ್ದಾಗ ಜೀಪು ಬಾಗಿಲಲ್ಲೇ ನಿಂತಿತ್ತು. ಅಕ್ಕನೂ ಅವಳ ಗಂಡನೂ ತಾವಾಗಿಯೇ ಹೊರಡುವ ಧೈರ್ಯ ಮಾಡಲಿಲ್ಲ. ಗಂಡು ಮಕ್ಕಳನ್ನು ಕೇಳದೆ ಒಯ್ದು ಏನಾದರೂ ಆದರೆ ಮಾತು ಬರುತ್ತದೆಂಬ ಅಂಜಿಕೆ. ಆ ಅಂಜಿಕೆಯನ್ನು ಹುಟ್ಟಿಸಿದವರು ನಾವೇ. ಹತ್ತೂ ಕಾಲಕ್ಕೆ ಹೊರಟರು. ಮುಟ್ಟಿದಾಗ ಹನ್ನೆರಡಾಗಿತ್ತು.

ಸ್ಕ್ಯಾನ್ ಮಾಡಿ ವೈದ್ಯರು ಹೇಳಿದ್ದನ್ನು ಅಕ್ಕನ ಮಗ ನನಗೆ ಫೋನಿನಲ್ಲಿ ತಿಳಿಸಿದ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ. ಅದನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಐದೂವರೆ ಗಂಟೆ ಕಳೆದಿದೆ. ಕೊಟ್ಟಿದ್ದರೆ ಗುಣವಾಗಿಯೇ ತೀರುತ್ತಿತ್ತೆಂದು ಯಾರೂ ಹೇಳಲಾರರು, ಆ ಮದ್ದು ಎಲ್ಲ ರೋಗಿಗಳಿಗೂ ಸಲ್ಲುವುದಿಲ್ಲವೆಂದೂ ಅವರೇ ಹೇಳಿದರಂತೆ. ಆದರೆ ಕೊಡಬಹುದೋ ಬೇಡವೋ ಎಂದು ವಿಚಾರಿಸುವ ಅವಕಾಶವನ್ನೇ ನಾವು ಕಳೆದಿದ್ದೆವು. ಆಸ್ಪತ್ರೆಯವರ ತಪ್ಪು ಇದರಲ್ಲಿ ಕಾಳಿನಷ್ಟೂ ಇಲ್ಲ.

ಇಲ್ಲಿ ಓದುಗರಿಗೆ ಒಂದು ಮಾತು. ಬಾಯಿ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟುಕೊಳ್ಳಿ. ರೋಗಿ ಕೊನೆಗೆ ಸರಿಯಾಗಿದ್ದುದು ಎಷ್ಟು ಹೊತ್ತಿಗೆ ಎಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ. ಲಕ್ವದಲ್ಲಿ ಎರಡು ಬಗೆ. ನಾಳ ಕಟ್ಟುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಸ್ಕ್ಯಾನ್ ಮಾಡದೆ ಯಾವುದೆಂದು ಹೇಳಲು ಬಾರದು. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ವಿಷ. ಆದುದರಿಂದ ಮನೆಯಲ್ಲಿ ಯಾವ ಮಾತ್ರೆಯನ್ನೂ ನುಂಗಿಸದೆ, ಎಣ್ಣೆ ತಿಕ್ಕಿಸುವವರಲ್ಲಿಗೆ ಒಯ್ಯದೆ, ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ ಇದೆ. ನಮ್ಮ ಗಲಾಟೆಯಲ್ಲಿ ಅದಕ್ಕೆ ಕರೆ ಮಾಡುವುದೂ ಯಾರಿಗೂ ಹೊಳೆಯಲಿಲ್ಲ.

ಸುದ್ದಿ ಕೇಳಿದ ದಿನವೇ ಹೊರಟೆ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕುಳಿತು ಸೊಲ್ಲಾಪುರದಲ್ಲಿ ಇಳಿದೆ. ಹಣದ ವಿಷಯದಲ್ಲಿ ನಾನು ಎಷ್ಟು ದೊಡ್ಡ ವ್ಯವಸ್ಥಾಪಕನೆಂಬುದು ಅಲ್ಲಿ ತಿಳಿಯಿತು. ಹಿಂದಿನ ದಿನ ಆಸ್ಪತ್ರೆಯಲ್ಲಿ ಮುಂಗಡ ಕೇಳಿದಾಗ ನಾನು ಇಲ್ಲಿಂದ ಕಳುಹಿಸಿದ ಹಣ ಅಕ್ಕನ ಖಾತೆಗೆ ಸಂಜೆಯವರೆಗೂ ಮುಟ್ಟಿರಲಿಲ್ಲ. ಅಕ್ಕನ ಗಂಡ ತೊಗರಿ ಅಡತ್ ಅಂಗಡಿಯಲ್ಲಿ, ಬರುವ ರಾಶಿಯ ಮೇಲೆ, ನಲವತ್ತು ಸಾವಿರ ಎತ್ತಿ ತಂದಿದ್ದರು. ಆ ವರ್ಷ ಅವರ ತೊಗರಿ ಅಡತಿಯವ ಹೇಳಿದ ದರಕ್ಕೇ ಹೋಯಿತು. ಆ ನಷ್ಟವನ್ನು ಅವರು ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ. ನಾನೇ ಲೆಕ್ಕ ಹಾಕಿ ತಿಳಿದುಕೊಂಡೆ.

ತಾಯಿ ಹದಿನಾಲ್ಕು ತಿಂಗಳು ಬದುಕಿದಳು. ಬಲಭಾಗ ಪೂರ್ತಿ ಹೋಗಿತ್ತು, ಮಾತು ಬರಲಿಲ್ಲ. ಆ ಹದಿನಾಲ್ಕು ತಿಂಗಳ ವಿಷಯವೇ ನಾನು ಮುಖ್ಯವಾಗಿ ಹೇಳಬೇಕಾದುದು.

ಮೊದಲ ತಿಂಗಳು ನಾನು ಇಲ್ಲಿಂದ ದಿನಕ್ಕೆ ಮೂರು ಸಲ ಫೋನು ಮಾಡಿ ಅಕ್ಕನಿಗೆ ಅಪ್ಪಣೆ ಕೊಡುತ್ತಿದ್ದೆ. ಅವ್ವ ಸೊರಗಿದ್ದಾಳೆ, ಎಳನೀರು ಕುಡಿಸು, ಮೋಸಂಬಿ ರಸ ಕೊಡು ಎಂದೆ. ಅಕ್ಕ ಕೊಡುವುದಿಲ್ಲ ಎಂದಳು. ಒಂದು ದಿನ ಸಿಟ್ಟಿಗೆದ್ದು, ಖರ್ಚಿನ ಚಿಂತೆಯೇ, ಹಣ ನಾನು ಕೊಡುವುದಿಲ್ಲವೇ ಎಂದುಬಿಟ್ಟೆ. ಅವಳು ಸುಮ್ಮನಾದಳು. ಕುಯ್ಲು ಮುಗಿದ ಮೇಲೆ ಮಾರ್ಚಿನಲ್ಲಿ ಹದಿನೈದು ದಿನ ಹೋಗಿ ಇದ್ದಾಗ ಕಾರಣ ತಿಳಿಯಿತು. ಲಕ್ವದಲ್ಲಿ ನುಂಗುವ ಶಕ್ತಿಯೂ ಕೆಟ್ಟಿರುತ್ತದೆ. ನೀರಿನಂಥ ತೆಳುವಾದ ಪದಾರ್ಥ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಮೂಗಿನ ನಳಿಕೆಯಲ್ಲಿ ಎಷ್ಟು, ಯಾವಾಗ, ಎಷ್ಟು ಎತ್ತರಕ್ಕೆ ತಲೆಯಿಟ್ಟು ಕೊಡಬೇಕೆಂದು ಆಸ್ಪತ್ರೆಯ ನರ್ಸಮ್ಮ ಅಕ್ಕನಿಗೆ ಕೈ ಹಿಡಿದು ಕಲಿಸಿದ್ದರು. ಏಳನೆಯ ಇಯತ್ತೆ ಓದಿದ ಅಕ್ಕನಿಗೆ ಗೊತ್ತಿದ್ದ ವಿಷಯ ಪದವೀಧರನಾದ ನನಗೆ ಗೊತ್ತಿರಲಿಲ್ಲ. ನನ್ನ ಮಾತು ಕೇಳಿ ಅವಳು ಎಳನೀರು ಕುಡಿಸಿದ್ದರೆ ತಾಯಿಯನ್ನು ನಾನೇ ಫೋನಿನ ಮೂಲಕ ಕೊಂದಂತಾಗುತ್ತಿತ್ತು.

ಆ ಹದಿನೈದು ದಿನಗಳಲ್ಲಿ ನಾನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಲಿತೆ. ರಾತ್ರಿಯೂ ಸೇರಿ ಎರಡು ಗಂಟೆಗೊಮ್ಮೆ. ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣು ಬೀಳುತ್ತದೆ, ಬಿದ್ದ ಹುಣ್ಣು ಮಾಯುವುದು ಬಹಳ ಕಷ್ಟ. ಬಟ್ಟೆ ಬದಲಿಸುವುದು, ಬಾಯಿ ಒರೆಸುವುದು, ಸೋತ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀವುವುದು. ಆರನೆಯ ದಿನಕ್ಕೆ ನನ್ನ ಸೊಂಟ ಹಿಡಿಯಿತು. ಅಕ್ಕನಿಗೆ ಆಗಲೇ ಅರವತ್ತು ದಾಟಿತ್ತು, ಅವಳಿಗೂ ಮಂಡಿನೋವು. ಆ ಹದಿನೈದು ದಿನದಲ್ಲಿ ಅವಳು ತನ್ನ ಮಗಳ ಮನೆಗೆ ಅಫಜಲಪುರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಮೂರು ತಿಂಗಳಲ್ಲಿ ಅವಳು ಮನೆಯ ಹೊಸ್ತಿಲು ದಾಟಿ ರಾತ್ರಿ ಮಲಗಿದ್ದು ಅದೇ ಮೊದಲು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ತಂದೆ ತೀರಿಕೊಂಡಾಗ ಜಮೀನಿನ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕನ ಸಹಿ ಹಾಕಿಸಿಕೊಂಡಿದ್ದೆವು. ನಮ್ಮ ಕಡೆಯ ರೂಢಿ, ಸೀರೆ ಕುಪ್ಪಸ ಕೊಟ್ಟು ಹಾಕಿಸಿಕೊಳ್ಳುವುದು. ಹೊಲದ ಹಕ್ಕು ಬಿಟ್ಟುಕೊಟ್ಟವಳಿಗೆ ತಾಯಿಯ ಮಲಮೂತ್ರದ ಕೆಲಸವನ್ನು ಮಾತ್ರ ಹಕ್ಕಿನಂತೆ ವಹಿಸಿ, ಅದನ್ನು ಹೇಗೆ ಮಾಡಬೇಕೆಂದು ಅಪ್ಪಣೆ ಕೊಡುವ ಅಧಿಕಾರವನ್ನು ನಾವು ಗಂಡು ಮಕ್ಕಳು ಇಟ್ಟುಕೊಂಡೆವು. ಇಲ್ಲಿಯ ಅಡಿಕೆ ತೋಟದ ಮನೆಗಳಲ್ಲಿ ಬೇರೆ ರೀತಿ ನಡೆಯುತ್ತದೆಯೇ? ನಾನು ಕಂಡ ಮಟ್ಟಿಗೆ ಇಲ್ಲ. ಇಲ್ಲಿ ಮಗಳ ಬದಲು ಸೊಸೆ, ಅಷ್ಟೇ ವ್ಯತ್ಯಾಸ.

ದೂರದಲ್ಲಿರುವವರ ಈ ರೋಗಕ್ಕೆ ಅಮೆರಿಕದ ವೈದ್ಯರು ಒಂದು ಹೆಸರನ್ನೇ ಇಟ್ಟಿದ್ದಾರೆ. 1991ರಲ್ಲಿ ಅಲ್ಲಿಯ ವೃದ್ಧಾಪ್ಯ ವೈದ್ಯರ ಸಂಘದ ಪತ್ರಿಕೆಯಲ್ಲಿ ‘ಕ್ಯಾಲಿಫೋರ್ನಿಯಾದ ಮಗಳು’ ಎಂಬ ಹೆಸರಿನಿಂದ ಇದನ್ನು ಬರೆದರು. ವರ್ಷಗಟ್ಟಲೆ ಬಾರದ ಮಗಳು ಕೊನೆಗೊಂದು ದಿನ ವಿಮಾನದಲ್ಲಿ ಬಂದಿಳಿದು, ಹತ್ತಿರವಿದ್ದು ನೋಡಿಕೊಂಡವರ ಮೇಲೂ ವೈದ್ಯರ ಮೇಲೂ ಹರಿಹಾಯ್ದು, ಇದ್ದಬದ್ದ ಚಿಕಿತ್ಸೆಯನ್ನೆಲ್ಲ ಮಾಡಿ ಎಂದು ಹಟ ಹಿಡಿಯುತ್ತಾಳೆ. ತನ್ನ ಗೈರುಹಾಜರಿಯ ಅಳುಕೇ ಹಾಗೆ ಕೂಗಾಡಿಸುತ್ತದೆ. ಕ್ಯಾಲಿಫೋರ್ನಿಯಾದವರು ಇದನ್ನು ನ್ಯೂಯಾರ್ಕಿನ ಮಗಳು ಎನ್ನುತ್ತಾರಂತೆ. ನಮ್ಮಲ್ಲಿ ಇದಕ್ಕೆ ಬೆಂಗಳೂರಿನ ಮಗ ಎನ್ನಬಹುದು. ಹಿರೋಳ್ಳಿಯವರ ಪಾಲಿಗೆ ನಾನು ಮಲೆನಾಡಿನ ಮಗ.

ಮಾರ್ಚಿನಿಂದ ಬಂದ ಮೇಲೆ ನಾವು ಮೂವರೂ ಕುಳಿತು, ಅಂದರೆ ಇಬ್ಬರು ಕುಳಿತು ಒಬ್ಬ ಪುಣೆಯಿಂದ ಫೋನಿನಲ್ಲಿ, ಕೆಲವು ಕಟ್ಟುಪಾಡು ಮಾಡಿಕೊಂಡೆವು. ತಾಯಿಯ ವಿಷಯದಲ್ಲಿ ಕೊನೆಯ ಮಾತು ಅಕ್ಕನದು. ಕೇಳಬೇಕೆನಿಸಿದರೆ ಕೇಳುತ್ತಾಳೆ, ಕೇಳದೆ ಮಾಡಿದರೆ ಪ್ರಶ್ನಿಸುವುದಿಲ್ಲ. ಅಕ್ಕನೂ ನಾನೂ ಜಂಟಿಯಾಗಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಖಾತೆಯೊಂದನ್ನು ಆಳಂದದಲ್ಲಿ ತೆರೆದು ಅದರಲ್ಲಿ ಐವತ್ತು ಸಾವಿರ ಇಟ್ಟು, ಇಳಿದಷ್ಟನ್ನು ತಿಂಗಳ ಮೊದಲ ವಾರ ತುಂಬಿಸುವುದು. ವೈದ್ಯರಿಗೆ ಫೋನು ಮಾಡುವವನು ಅಕ್ಕನ ಮಗ ಒಬ್ಬನೇ. ಅಣ್ಣ ತಮ್ಮ ಹೆಂಡತಿ ಭಾವಮೈದ ಎಲ್ಲರೂ ಒಂದೊಂದು ಸಲ ಮಾಡಿ ಆ ವೈದ್ಯರ ಪ್ರಾಣ ಹಿಂಡಬಾರದು. ವರ್ಷಕ್ಕೆ ಮೂರು ಸಲ, ಸಲಕ್ಕೆ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ, ನಾನೂ ತಮ್ಮನೂ ಸರದಿಯ ಮೇಲೆ ಹೋಗಿ ಇರುವುದು. ಅದೂ ಆಸ್ಪತ್ರೆಗೆ ಸೇರಿಸಿದಾಗ ಅಲ್ಲ, ಏನೂ ಆಗದ ಸಾದಾ ದಿನಗಳಲ್ಲಿ.

ಕಾಗದಪತ್ರದ ಕೆಲಸ ಮಾತ್ರ ದೂರದವನು ಚೆನ್ನಾಗಿ ಮಾಡಬಲ್ಲ. ಅದುವರೆಗೆ ತಾಯಿಯ ಚೀಟಿಗಳೆಲ್ಲ ಜೋಳದ ಡಬ್ಬಿಯ ಮೇಲೆ, ದೇವರ ಜಗುಲಿಯ ಕೆಳಗೆ, ಕೆಲವು ಅಂಗಡಿಯವನ ಬಳಿ. ನಾನು ಎಲ್ಲವನ್ನೂ ಒಂದು ಫೈಲಿಗೆ ಹಾಕಿ, ಮೇಲೆ ಒಂದೇ ಹಾಳೆಯಲ್ಲಿ ಈಗ ನುಂಗುವ ಮಾತ್ರೆಗಳ ಹೆಸರು, ಹೊತ್ತು, ಹಿಂದೆ ಯಾವ ಔಷಧಿ ಒಗ್ಗಲಿಲ್ಲ, ಕೊನೆಯ ರಕ್ತಪರೀಕ್ಷೆಯ ಅಂಕಿಗಳು ಎಲ್ಲ ಬರೆದು, ಅದರ ಫೋಟೋ ಎಲ್ಲರ ಫೋನಿನಲ್ಲೂ ಇರುವಂತೆ ಮಾಡಿದೆ. ಫೋನಿನ ಮೂಲಕ, ವಿಡಿಯೋ ಮೂಲಕ ಸಲಹೆ ಕೊಡಲು ವೈದ್ಯರಿಗೆ 2020ರ ಮಾರ್ಚ್ 25ರ ಮಾರ್ಗಸೂಚಿಯಿಂದ ಸ್ಪಷ್ಟವಾದ ಅವಕಾಶ ದೊರೆತಿದೆ. ಸರ್ಕಾರದ ಇ-ಸಂಜೀವಿನಿಯಲ್ಲಿ ಇದಕ್ಕೆ ಶುಲ್ಕವೂ ಇಲ್ಲ. ಆರು ತಿಂಗಳಿಗೊಮ್ಮೆ ಮಾತ್ರೆ ಬದಲಾಯಿಸಲೆಂದು ಮುದುಕರನ್ನು ಜೀಪಿನಲ್ಲಿ ಕುಲುಕಿಸಿಕೊಂಡು ಹೋಗುವ ಪ್ರತಿಯೊಂದು ಪ್ರಯಾಣವೂ ಅಗತ್ಯವಲ್ಲವೆಂಬುದು ನಮಗೆ ತಡವಾಗಿ ತಿಳಿಯಿತು.

ಆರೋಗ್ಯ ಚೀಟಿಗಳ ವಿಷಯ ಕಾರ್ಯದರ್ಶಿಯಾಗಿ ಹೇಳಲೇಬೇಕು. ಸಹಕಾರ ಸಂಘಗಳ ಸದಸ್ಯರಿಗೆಂದೇ ಹುಟ್ಟಿದ ಯಶಸ್ವಿನಿ 2003ರ ಜೂನ್‌ನಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2022-23ರಲ್ಲಿ ಮತ್ತೆ ಬೇರೆಯಾಗಿ ಜೀವ ತಳೆಯಿತು. ಮರುಹುಟ್ಟಿನಲ್ಲಿ ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಮಾಡಿದರು. ಎಪ್ಪತ್ತು ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ರಕ್ಷೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಚೀಟಿ ಮಾಡಿಸುವಾಗ ಹೆಂಡತಿ ಮಕ್ಕಳ ಹೆಸರು ಬರೆಸುವ ಸದಸ್ಯರು ತಾಯಿಯ ಹೆಸರು ಹೇಳಲು ಮರೆಯುವುದನ್ನು ನಾನು ಈ ಕೌಂಟರಿನಲ್ಲಿ ಕುಳಿತು ಎಷ್ಟೋ ಸಲ ಕಂಡಿದ್ದೇನೆ. ಗಡಿಯ ಊರಿನವರಂತೂ, ಹತ್ತಿರದ ಆಸ್ಪತ್ರೆ ಪಕ್ಕದ ರಾಜ್ಯದ್ದಾದರೆ ಅಲ್ಲಿ ನಮ್ಮ ಚೀಟಿ ನಡೆಯುತ್ತದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ಹೋಗಿ ಕೇಳಿಟ್ಟುಕೊಳ್ಳಬೇಕು.

ಗಡಿ ಎಂದಾಗ ನೆನಪಾಗುತ್ತದೆ. ಕೋವಿಡ್ ಕಾಲದಲ್ಲಿ ನಮ್ಮ ಹಿರೋಳ್ಳಿಯ ಚೆಕ್‌ಪೋಸ್ಟಿನ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು. ತಲೆಮಾರುಗಳಿಂದ ಸೊಲ್ಲಾಪುರಕ್ಕೆ ಸಂತೆಗೆ ಹೋದಂತೆ ಹೋಗಿ ಬರುತ್ತಿದ್ದವರಿಗೆ ಅಲ್ಲಿಂದ ಬರುವಾಗ 2021ರಲ್ಲಿ ಆರ್‌ಟಿಪಿಸಿಆರ್ ವರದಿ ತೋರಿಸಬೇಕಾಯಿತು. ಇನ್ನೂ ಘೋರವಾದುದು 2020ರ ಮಾರ್ಚ್ ಕೊನೆಯಲ್ಲಿ ನಡೆದದ್ದು ಕಾಸರಗೋಡಿನಲ್ಲಿ. ನಮ್ಮಂತೆಯೇ ಅಡಿಕೆ ಬೆಳೆಯುವ, ಮನೆಯಲ್ಲಿ ಕನ್ನಡ ಆಡುವ ಜನ. ಅವರ ಆಸ್ಪತ್ರೆ ಎಂದರೆ ಮಂಗಳೂರು. ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಹಲವು ರೋಗಿಗಳು ದಾರಿ ಸಿಗದೆ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಬೇಕೆಂದು ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1973ರಲ್ಲಿ ಎರಡೂ ರಾಜ್ಯದವರು ಕೂಡಿ ಕ್ಯಾಂಪ್ಕೊ ಕಟ್ಟಿದಂದಿನಿಂದ ಅಡಿಕೆಗೆ ಆ ಗಡಿ ಅಡ್ಡಿಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಗೆ ಅಡ್ಡಿಯಾಯಿತು. ಆ ದಿನಗಳಲ್ಲಿ ದುಬೈಯಲ್ಲೋ ಬೆಂಗಳೂರಿನಲ್ಲೋ ಸಿಕ್ಕಿಬಿದ್ದ ಮಕ್ಕಳು ಫೋನು ಕಿವಿಗೆ ಹಚ್ಚಿಕೊಂಡು ಹೇಗೆ ಕುಳಿತಿದ್ದಿರಬಹುದೆಂದು ಈಗ ನಾನು ಊಹಿಸಬಲ್ಲೆ.

2024ರ ಜನವರಿಯಲ್ಲಿ ತಾಯಿಗೆ ನ್ಯುಮೋನಿಯಾ ಆಯಿತು. ತೀವ್ರ ನಿಗಾ ಘಟಕದಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಬೇಕೇ ಎಂದು ವೈದ್ಯರು ಕೇಳಿದರು. ಹಾಕಿದರೆ ಹಿಂದಿರುಗಿ ಬರುವ ಭರವಸೆ ಕಡಿಮೆ ಎಂಬುದನ್ನೂ ಹೇಳಿದರು. ಅಕ್ಕ ಫೋನಿನಲ್ಲಿ, "ಅವ್ವ ಎಡಗೈಲಿಂದ ನನ್ನ ಸೆರಗ ಹಿಡದು ಬಾಗಲಾ ತೋರಸ್ತಾಳ, ಮನಿಗಿ ಒಯ್ ಅಂತಾಳ" ಎಂದಳು. ಏನಾದರಾಗಲಿ ಎಲ್ಲ ಮಾಡಿಸು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಕಟ್ಟುಪಾಡು ನೆನಪಾಗಿ ನುಂಗಿಕೊಂಡೆ. "ನಿನಗ ಸರಿ ಅನಿಸಿದ್ದು ಮಾಡಕ್ಕಾ" ಎಂದೆ. ಮನೆಗೆ ತಂದರು. ನಾನು ನಾಲ್ಕನೆಯ ದಿನ ಮುಟ್ಟಿದೆ. ಒಂಬತ್ತನೆಯ ದಿನ, ಫೆಬ್ರವರಿಯ ಒಂದು ಬೆಳಗಿನ ಜಾವ, ಅಂಗಳದ ಕಡೆಗಿನ ಕೋಣೆಯಲ್ಲಿ ತೀರಿಕೊಂಡಳು.

ಇಷ್ಟರಲ್ಲೂ ಒಂದು ತಪ್ಪಾಯಿತು. ವೈದ್ಯರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಆಸ್ಪತ್ರೆಯಲ್ಲಿ ಅಕ್ಕ ಒಬ್ಬಳೇ ಸಹಿ ಹಾಕಿದಳು. ದಿನಕರ್ಮಕ್ಕೆ ಬಂದ ನೆಂಟರಲ್ಲಿ ಇಬ್ಬರು ಮೂವರು, ಮಗಳು ಬೇಸತ್ತು ಸಾಯಲೆಂದೇ ಮನೆಗೆ ತಂದಳು ಎಂದು ಗೊಣಗಿದ್ದು ಅವಳ ಕಿವಿಗೆ ಬಿತ್ತು. ಫೋನಿನಲ್ಲಿ ಹೇಳಿದ ನನ್ನ ಒಪ್ಪಿಗೆಗೆ ಸಾಕ್ಷಿಯಿಲ್ಲ. ಎಲ್ಲರೆದುರು ನಿಂತು, ಇದು ಮೂವರ ತೀರ್ಮಾನ ಎಂದು ನಾನು ಗಟ್ಟಿಯಾಗಿ ಹೇಳಿದೆ. ಬಿದ್ದ ಮಾತು ಮಾತ್ರ ಅವಳ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಈ ಕಾಗದವನ್ನು ರೋಗಿಯೇ ಮೊದಲು ಬರೆದಿಡಬಹುದೆಂಬುದು ನನಗೆ ಆಮೇಲೆ ತಿಳಿಯಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಇದಕ್ಕೆ ಮಾನ್ಯತೆ ಕೊಟ್ಟಿತು. ಮೊದಲಿಗೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿದ್ದುದನ್ನು 2023ರ ಜನವರಿಯಲ್ಲಿ ಸಡಿಲಿಸಿ, ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ನನಗೆ ಮಾತನಾಡುವ ಶಕ್ತಿ ಹೋದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು ಅದರಲ್ಲಿ ಬರೆಯಬಹುದು. ಅಪಶಕುನ ಎನ್ನುವವರಿಗೆ ನನ್ನ ಪ್ರಶ್ನೆ: ತೋಟದ ವಿಲ್ ಬರೆಯುವಾಗ ಆಗದ ಅಪಶಕುನ ಇದರಲ್ಲೇನಿದೆ? ಮನೆಯಲ್ಲೇ ನೋವಿಲ್ಲದೆ ಇರಲು ಬೇಕಾದ ನರ್ಸು, ಔಷಧಿಗಳ ಏರ್ಪಾಡಿಗೆ ಕೇರಳ 2008ರಲ್ಲೇ ಒಂದು ನೀತಿ ಮಾಡಿ ಪಂಚಾಯಿತಿಗಳಿಗೆ ವಹಿಸಿತು. ತಾಯಿಯ ಕೊನೆಯ ಒಂಬತ್ತು ದಿನಗಳಲ್ಲಿ ಅಂಥದೊಂದು ಹಿರೋಳ್ಳಿಯಲ್ಲಿ ಇದ್ದಿದ್ದರೆ ಎಂದು ನಾನು ಪ್ರತಿ ರಾತ್ರಿ ಅಂದುಕೊಂಡೆ.

ಇದೆಲ್ಲ ಬೇರೆಯವರ ಮನೆಯ ಕತೆ ಎಂದು ತಾವು ಪುಟ ಮಗುಚಬಾರದು. ನಮ್ಮ ಸದಸ್ಯರ ಪಟ್ಟಿ ನನ್ನ ಮೇಜಿನ ಮೇಲಿದೆ. ಅದರಲ್ಲಿ ಎಷ್ಟು ಮನೆಗಳಲ್ಲಿ ಈಗ ಗಂಡ ಹೆಂಡಿರಿಬ್ಬರು ಮುದುಕರೇ ಉಳಿದಿದ್ದಾರೆಂಬುದು ನನಗೂ ಗೊತ್ತು, ತಮಗೂ ಗೊತ್ತು. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ರಸ್ತೆಗೆ ಎರಡು ಮೈಲಿ, ಜುಲೈ ತಿಂಗಳಲ್ಲಿ ಕರೆಂಟು ಫೋನು ಎರಡೂ ಇಲ್ಲ. ಹಿರೋಳ್ಳಿಯಲ್ಲಿ ನನ್ನ ತಾಯಿಗೆ ಅಕ್ಕನಿದ್ದಳು. ನಮಗೆ ಯಾರು? ಕರೆದರೆ ಕೇಳುವಷ್ಟು ಹತ್ತಿರದವರ ಹೆಸರೊಂದನ್ನು ಯೋಚಿಸಿಟ್ಟುಕೊಳ್ಳಿ, ಅವರಿಗೆ ಒಂದು ಮಾತು ಹೇಳಿಡಿ, ಮಕ್ಕಳಿಗೂ ಹೇಳಿಡಿ.

ಕೊನೆಯದಾಗಿ ಒಂದು ಹಳೆಯ ಸಾಲ ಒಪ್ಪಿಕೊಳ್ಳಬೇಕು. 2021ರ ಡಿಸೆಂಬರಿನಲ್ಲಿ, ನನ್ನ ತಾಯಿಗೆ ಲಕ್ವ ಹೊಡೆಯುವ ಒಂದು ವರ್ಷ ಮೊದಲು, ನನ್ನ ತೋಟಕ್ಕೆ ಕುಯ್ಲಿಗೆ ಬಂದಿದ್ದ ಜೇವರ್ಗಿ ಕಡೆಯ ಆಳೊಬ್ಬ, ಅಪ್ಪನಿಗೆ ಜಾಸ್ತಿಯಾಗಿದೆ, ಮುಂಗಡ ಕೊಟ್ಟು ರಜೆ ಕೊಡಿ ಎಂದು ಕೇಳಿದ. ನನ್ನ ಕಡೆಯವನೇ, ನನ್ನ ಮಾತನ್ನೇ ಆಡುವವನು. ಹಣ್ಣು ಉದುರುತ್ತಿತ್ತು. "ಇನ್ನೊಂದು ಎಂಟು ದಿನ, ಕುಯ್ಲು ಮುಗಿಸಿ ಹೋಗು" ಎಂದೆ. ಐದನೆಯ ದಿನ ಅವನ ಅಪ್ಪ ತೀರಿಕೊಂಡ. ಅವನು ಏನೂ ಅನ್ನಲಿಲ್ಲ, ಲೆಕ್ಕ ಚುಕ್ತ ಮಾಡಿಸಿಕೊಂಡು ಹೋದ. ಮರುವರ್ಷ ಬರಲಿಲ್ಲ. ಆ ಎಂಟು ದಿನದಲ್ಲಿ ನನಗೆ ಉಳಿದದ್ದು ನಾಲ್ಕು ಮೂಟೆ ಚೆರ್ರಿ ಇರಬಹುದು. ನಮ್ಮ ಲೈನ್ ಮನೆಗಳಲ್ಲಿ ಮಲಗುವ ಪ್ರತಿಯೊಬ್ಬನೂ ದೂರದ ಮಗನೇ. ನನಗೆ ರೈಲಿನ ಟಿಕೇಟಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಅವನಿಗೆ ನನ್ನ ಅಪ್ಪಣೆ ಬೇಕಿತ್ತು.

ಆದುದರಿಂದ ಬರುವ ಮಹಾಸಭೆಯ ಮುಂದೆ ಎರಡು ಸೂಚನೆಗಳನ್ನು ಇಡಲಿದ್ದೇನೆ. ತಂದೆತಾಯಿಗಳ ತುರ್ತು ಚಿಕಿತ್ಸೆಗಾಗಿ ಸದಸ್ಯರಿಗೆ ಕೇಳಿದ ದಿನವೇ ಬಡ್ಡಿಯಿಲ್ಲದೆ ಮೂರು ತಿಂಗಳ ಮಟ್ಟಿಗೆ 25,000 ರೂಪಾಯಿ ಮುಂಗಡ ಕೊಡುವ ಒಂದು ನಿಧಿ. ಸದಸ್ಯರ ಜಾಮೀನಿನ ಮೇಲೆ ಅವರ ತೋಟದ ಆಳುಗಳಿಗೂ ಅದೇ ನಿಧಿಯಿಂದ 10,000 ರೂಪಾಯಿ. ಲಾಭಾಂಶದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿರೋಧಿಸುವವರು ಕಾರಣಗಳೊಡನೆ ಬರಲಿ. ಮುಂಗಡ ವಾಪಸು ಬರುವುದು ಹೇಗೆ ಎಂಬ ಪ್ರಶ್ನೆಗೆ ನನ್ನ ಬಳಿಯೂ ಪೂರ್ತಿ ಉತ್ತರವಿಲ್ಲ. ಸಭೆಯೇ ಹುಡುಕಬೇಕು.

ಔಷಧಿ, ಚೀಟಿ, ಖಾತೆ, ಯಾರನ್ನು ಕರೆಯಬೇಕು ಎಂಬುದನ್ನು ತುಂಬಿಸುವ ಒಂದು ಪುಟದ ಹಾಳೆಯನ್ನು ಅಚ್ಚು ಹಾಕಿಸಿ ಸಂಘದ ಕೌಂಟರಿನಲ್ಲಿ ಇಟ್ಟಿದ್ದೇನೆ. ಗೊಬ್ಬರದ ಪರ್ಮಿಟ್ಟಿಗೆ ಬಂದವರು ಕೇಳಿ ಪಡೆಯಬಹುದು. ಹಾಳೆಗೆ ಹಣವಿಲ್ಲ.